ನಲವತ್ತೆರಡು ಚೀಲ

18 ಜೂನ್ 2024, ಮಂಗಳವಾರ, ಹಾವೇರಿ

ಇಂದು ಇಡೀ ದಿನ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿಯೇ ಕಳೆಯಿತು. ಅಲ್ಲಿನ ಕೋಣೆಗಳ ಗೋಡೆಗಳು ಎರಡೂ ಬದಿಗೆ ತಗಡು ಹೊದಿಸಿದ ದಪ್ಪ ಫೋಮಿನವಾದ್ದರಿಂದ ಮೊಬೈಲ್ ಸಿಗ್ನಲ್ ಒಳಗೆ ಸುಳಿಯುವುದೇ ಇಲ್ಲ; ಹೀಗಾಗಿ ಆಫೀಸಿಗೂ ಒಳಗಿರುವ ಹಮಾಲರ ಮೇಸ್ತ್ರಿಗೂ ನಡುವಿನ ಮಾತುಕತೆಯೆಲ್ಲ ವೈಫೈ ಮೇಲೆಯೇ ನಡೆಯುತ್ತದೆ. ಆ ವ್ಯವಸ್ಥೆಯನ್ನು ಕೂಡಿಸಿಕೊಟ್ಟವನು ನಾನು. ಕಳೆದ ವಾರ ಗುಮಾಸ್ತರು ‘ನಲವತ್ತೆರಡು ಚೀಲ’ ಎಂದದ್ದು ಒಳಗೆ ‘ನಲವತ್ತು’ ಎಂದಷ್ಟೇ ಕೇಳಿಸಿ, ಎರಡು ಚೀಲ ಡಬ್ಬಿ ಮೆಣಸಿನಕಾಯಿ ಉಳಿದುಹೋದದ್ದು ಲಾರಿ ಹೊರಟ ಮೇಲೆ ತಿಳಿಯಿತಂತೆ. “ಸರ, ನಿಮ್ಮ ಫೋನ್ ಮಾತ ನುಂಗತೈತ್ರಿ” ಎಂದರು ಮೇಸ್ತ್ರಿ. ಆ ಮಾತು ನನ್ನನ್ನು ನಿಜವಾಗಿ ನೋಯಿಸಿತು.

ಇಂಟರ್‌ನೆಟ್ ವೇಗ ಹೆಚ್ಚಿಸಿದರೆ ಸರಿಹೋದೀತೆಂದು ಮಾಲೀಕರ ಎಣಿಕೆ. ಆದರೆ ಜಿ.711 ಎಂಬ ಕೋಡೆಕ್‌ನಲ್ಲಿ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು; ಸಾಮಾನ್ಯವಾಗಿ ಅದು 20 ಮಿಲಿಸೆಕೆಂಡಿನ ತುಣುಕುಗಳಾಗಿ, ಸೆಕೆಂಡಿಗೆ 50 ಪ್ಯಾಕೆಟ್‌ಗಳಂತೆ, ಅಂದರೆ ಪುಟ್ಟ ಪೊಟ್ಟಣಗಳಂತೆ, ಹೋಗುತ್ತದೆ. ಅವು ಒಂದೇ ಲಯದಲ್ಲಿ ತಲುಪಬೇಕು, ಅಷ್ಟೇ. ಫೈಲಿನ ತುಣುಕು ತಡವಾದರೆ ಕಾಯಬಹುದು, ಮಾತಿನ ತುಣುಕು ತಡವಾದರೆ ಫೋನು ಅದನ್ನು ಎಸೆದು ಮುಂದೆ ಸಾಗುತ್ತದೆ. ‘ಎರಡು’ ಹೋದದ್ದು ಹಾಗೆ.

ಲ್ಯಾಪ್‌ಟಾಪ್ ಹಿಡಿದು, ಕರೆ ಚಾಲೂ ಇಟ್ಟು, ಮೇಸ್ತ್ರಿಯವರ ಜೊತೆ ಓಣಿಯಲ್ಲಿ ನಡೆದೆ. ಆಫೀಸಿನ ಬಾಗಿಲಲ್ಲಿ −58 ಡಿಬಿಎಂ (ಸಿಗ್ನಲ್ ಬಲದ ಅಳತೆ; ಸೊನ್ನೆಯಿಂದ ಕೆಳಗಿಳಿದಷ್ಟೂ ದುರ್ಬಲ) ಇದ್ದ ಸಿಗ್ನಲ್ ಓಣಿಯ ಕೊನೆಗೆ −81ಕ್ಕೆ ಇಳಿದರೂ, ತಲೆಯ ಮೇಲೆಯೇ ಇನ್ನೊಂದು ಆಕ್ಸೆಸ್ ಪಾಯಿಂಟ್ (ವೈಫೈ ಬಿತ್ತರಿಸುವ ಪೆಟ್ಟಿಗೆ) ಇದ್ದರೂ, ಫೋನು ಆಫೀಸಿನದನ್ನು ಬಿಡಲೊಲ್ಲದು. ಯಾವಾಗ ಬಿಡಬೇಕೆಂಬ ನಿರ್ಧಾರ ಫೋನಿನದೇ. ಮಾತಿಗೆ −67ರ ಆಚೆ ಇಳಿಯಗೊಡಬಾರದೆಂದು ನಾವು ಪಾಲಿಸುವ ಲೆಕ್ಕ ಅದಕ್ಕೇನು ಗೊತ್ತು! ಮೇಲಾಗಿ ಎರಡೂ ಪಾಯಿಂಟ್‌ಗಳು ಒಂದೇ ರೇಡಿಯೋ ದಾರಿಯಲ್ಲಿ, ಅಂದರೆ 6ನೇ ಚಾನೆಲ್ಲಿನಲ್ಲಿದ್ದವು, ಕ್ಯಾಮೆರಾಗಳ ವಿಡಿಯೋ ಕೂಡ ಅದೇ ಗಾಳಿಯಲ್ಲಿ ಹರಿಯುತ್ತಿತ್ತು. ಎರಡನ್ನೂ ನಾನು ವ್ಯವಸ್ಥೆ ಕೂಡಿಸಿದ ದಿನವೇ ನೋಡಬೇಕಿತ್ತು.

ಕ್ಯಾಮೆರಾಗಳನ್ನು ಕೇಬಲ್ಲಿಗೆ ಸೇರಿಸಿದೆ, ಫೋನುಗಳನ್ನು ವೈಫೈನ ಇನ್ನೊಂದು ತರಂಗಪಟ್ಟಿಯಾದ 5 ಗಿಗಾಹರ್ಟ್ಸ್‌ಗೆ ಒಯ್ದೆ, ಆಫೀಸಿನ ಪಾಯಿಂಟಿನ ಶಕ್ತಿ ಇಳಿಸಿ ಫೋನು ಪಕ್ಕದ ಪಾಯಿಂಟನ್ನು ಗುರುತಿಸಿ ಬೇಗ ಅದಕ್ಕೆ ದಾಟಲು ನೆರವಾಗುವ 802.11ಕೆ ಮತ್ತು 802.11ಆರ್ ಚಾಲೂ ಮಾಡಿದೆ. ಹೆಚ್ಚು ಹೊತ್ತು ಹಿಡಿದದ್ದು ನೆಟ್‌ವರ್ಕ್ ಕೇಬಲ್ಲುಗಳನ್ನೆಲ್ಲ ಕೂಡಿಸುವ ಪೆಟ್ಟಿಗೆಯಾದ ಸ್ವಿಚ್ಚು. ಧ್ವನಿಯ ಪ್ಯಾಕೆಟ್‌ಗಳ ಮೇಲೆ ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜ್ ಹಾಕಿ ಕಳಿಸುತ್ತಿದ್ದ, ‘ಇದನ್ನು ಮೊದಲು ಬಿಡಿ’ ಎನ್ನುವ ಡಿಎಸ್‌ಸಿಪಿ 46 ಎಂಬ ಗುರುತನ್ನು ಅದು ಅಳಿಸಿ ಸೊನ್ನೆ ಮಾಡುತ್ತಿತ್ತು. ಹಾಗಾಗಿ ಒಳಗೆ ಹೋಗುವ ಮಾತು ವೈಫೈನ ಧ್ವನಿ ಸಾಲಿಗೆ ಸೇರದೆ ಸಾಮಾನ್ಯ ಸಾಲಿನಲ್ಲಿ ಕಾಯುತ್ತಿತ್ತು.

ಇಷ್ಟಾದರೂ ಕೋಣೆಯ ಬಾಗಿಲು ಮುಚ್ಚಿದೊಡನೆ ಮೌನ. ಕೊನೆಗೆ ತಂಪಿನ ಕೊಳವೆ ಹಾಯುವ ತೂತಿನಿಂದ ಕೇಬಲ್ ಎಳೆದು ಒಂದನೇ ಕೋಣೆಯೊಳಗೇ ಆಕ್ಸೆಸ್ ಪಾಯಿಂಟ್ ಕೂಡಿಸಿದೆವು. ಬಾಗಿಲು ಮುಚ್ಚಿಸಿ ಗುಮಾಸ್ತರು “ನಲವತ್ತೆರಡು” ಎಂದರು. “ನಲವತ್ತೆರಡು” ಎಂದು ಒಳಗಿನಿಂದ ಪೂರ್ತಿ ಮರಳಿ ಬಂತು. ಎರಡನೇ ಕೋಣೆಗೆ ಕೇಬಲ್ ಸಾಲಲಿಲ್ಲ. ಗುರುವಾರ ಮತ್ತೆ ಹೋಗುವವರೆಗೆ ಅಲ್ಲಿಗೆ ಚೀಲದ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕಳಿಸಲು ಹೇಳಿ ಬಂದಿದ್ದೇನೆ.