ಇಳಿತದ ಹೊತ್ತಿಗೆ ಅಘನಾಶಿನಿ

ಹೊನ್ನಾವರದಲ್ಲಿ ದೋಣಿ ಹತ್ತಿ, ಶರಾವತಿಯಲ್ಲಿ ಗೇರುಸೊಪ್ಪದ ದಿಕ್ಕಿಗೆ ಒಂದಿಷ್ಟು ದೂರ ಹೋದ ಮೇಲೆ ಕೈ ಅದ್ದಿ ನೀರನ್ನು ನಾಲಿಗೆಗೆ ಹಚ್ಚಿಕೊಂಡೆ. ಜನವರಿಯ ಕೊನೆ. ಮಳೆ ನಿಂತು ಮೂರು ತಿಂಗಳಾಗಿತ್ತು. ಆದರೂ ಉಪ್ಪಿನ ಸುಳಿವು ಅಷ್ಟಕ್ಕಷ್ಟೆ. ದೋಣಿಯವರು ನನ್ನ ಕಡೆ ವಿಚಿತ್ರವಾಗಿ ನೋಡಿದರು. ನದಿಯ ನೀರು ನೆಕ್ಕುವುದಕ್ಕೆಂದು ಬೆಂಗಳೂರಿನಿಂದ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದವರನ್ನು ಅವರು ಅದುವರೆಗೆ ಕಂಡಿರಲಿಕ್ಕಿಲ್ಲ.

"ಇಲ್ಲಿ ಬಳಚು ಸಿಗುತ್ತದೆಯೇ?" ಎಂದು ಕೇಳಿದೆ. ಬಳಚು ಎಂದರೆ ಹೊಳೆಯ ಕೆಸರಿನಲ್ಲಿ ಬೆಳೆಯುವ, ಜನ ತಿನ್ನುವ ಚಿಪ್ಪುಜೀವಿ.

"ಮೊದಲಿನಂತಿಲ್ಲ ಸರ್. ಬಳಚು ಬೇಕಿದ್ದರೆ ಕುಮಟೆಗೆ ಹೋಗಿ."

ಆ ಮಾತಿನ ಬೆನ್ನು ಹತ್ತಿಯೇ ಮರುದಿನ ಕುಮಟೆಗೆ ಹೋದೆ. ಶರಾವತಿಗೂ ಅಘನಾಶಿನಿಗೂ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಎರಡೂ ಘಟ್ಟದಿಂದಲೇ ಧುಮುಕುವ ನದಿಗಳು, ಎರಡಕ್ಕೂ ಅದೇ ಮುಂಗಾರು, ಅದೇ ಅರಬ್ಬಿ ಸಮುದ್ರ. ವ್ಯತ್ಯಾಸವಿರುವುದು ಒಂದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿಯ ನೀರು ಮಳೆಗಾಲದ ಲೆಕ್ಕ ಬಿಟ್ಟು ವಿದ್ಯುತ್ತಿನ ಲೆಕ್ಕದಲ್ಲಿ ಹರಿಯುತ್ತಿದೆ. ಟರ್ಬೈನ್ ತಿರುಗಿಸಿದ ಸಿಹಿನೀರು ಬೇಸಿಗೆಯಲ್ಲೂ, ನದಿ ಕಡಲು ಸೇರುವ ಅಳಿವೆಗೆ ಬಂದು ಬೀಳುತ್ತದೆ. ಅಣೆಕಟ್ಟು ಎಂದರೆ ಕೆಳಗಿನವರಿಗೆ ನೀರು ತಪ್ಪುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಂದರೂ ಮನೆ ಹಾಳಾಗುತ್ತದೆ ಎಂಬುದು ಹೊಳೆದಿರಲಿಲ್ಲ. ಉಪ್ಪು ಬೇಕಾದ ತಿಂಗಳಲ್ಲಿ ಉಪ್ಪಿಲ್ಲದಿದ್ದರೆ ಬಳಚು ಬೆಳೆಯುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡಗಳು ಈ ಎರಡು ಅಳಿವೆಗಳನ್ನು ಹೋಲಿಸಿ ಹೇಳಿದ್ದರ ಸಾರವೂ ದೋಣಿಯವರ ಆ ಎರಡು ಮಾತಿನಲ್ಲಿತ್ತು.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಹಾರಿ, ಒಟ್ಟು 120 ಕಿಲೋಮೀಟರಿನಷ್ಟು ಓಡಿ ತದಡಿಯ ಬಳಿ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಸೊರಗಿದಾಗ ಸಮುದ್ರ ಒಳಗೆ ಬರುತ್ತದೆ.

ನಾನು ತದಡಿ ತಲುಪಿದಾಗ ಸಮುದ್ರ ಪೂರ್ತಿ ಒಳಗೆ ಬಂದಿತ್ತು. ಮೊಬೈಲಿನಲ್ಲಿ ಭರತ, ಇಳಿತದ ಸಮಯ ನೋಡಿಕೊಂಡಿದ್ದೆನಾದರೂ ನೋಡಿದ್ದು ಮುಂದಿನ ವಾರದ್ದು! ಕಣ್ಣೆದುರು ದಡದಿಂದ ದಡಕ್ಕೆ ತುಂಬಿದ ನೀರು. ಕೆಸರೂ ಇಲ್ಲ, ಹಕ್ಕಿಯೂ ಇಲ್ಲ. ದುರ್ಬೀನನ್ನು ಕೊರಳಿಗೆ ನೇತುಹಾಕಿಕೊಂಡು ಚಹಾದಂಗಡಿಯಲ್ಲಿ ಕೂತಿದ್ದಾಗ ಅಂಗಡಿಯವರು ದಾರಿ ತೋರಿಸಿದರು. "ಹಕ್ಕಿಯಾದರೆ ಈಗ ಸಾಣಿಕಟ್ಟೆಯಲ್ಲಿ ಕೂತಿರುತ್ತವೆ."

ಸಾಣಿಕಟ್ಟೆಯ ಉಪ್ಪಿನ ಆಗರಗಳ ಬದುವಿನ ಮೇಲೆ ಅವು ಸಾಲಾಗಿ ಕೂತಿದ್ದವು. ಎಲ್ಲವೂ ಗಾಳಿಗೆ ಮುಖ ಮಾಡಿ, ಹೆಚ್ಚಿನವು ಒಂಟಿ ಕಾಲಿನಲ್ಲಿ. ಗುಬ್ಬಿಗಿಂತ ತುಸು ದೊಡ್ಡವಾದ, ಮರಳಿನ ಬಣ್ಣದ ಪ್ಲೋವರ್‌ಗಳು. ಕೆಂಪು ಕಾಲಿನ ಗೊರವಗಳು. ಅವುಗಳ ನಡುವೆ ಮದುವೆಮನೆಯ ಹಿರಿಯರಂತೆ ನಾಲ್ಕು ಕರ್ಲ್ಯೂ, ಉದ್ದ ಬಾಗುಕೊಕ್ಕಿನ ದೊಡ್ಡ ಹಕ್ಕಿಗಳು. ಈ ಪ್ಲೋವರ್‌ಗಳು ಮರಿ ಮಾಡುವುದು ಹಿಮಾಲಯದಾಚೆಯ ಎತ್ತರದ ಬಯಲುಗಳಲ್ಲಿ, ಕರ್ಲ್ಯೂಗಳದ್ದು ಇನ್ನೂ ಬಡಗಣದ ನಾಡು. ಅಷ್ಟು ದೂರ ಹಾರಿ ಬಂದವು ಇಲ್ಲಿ ಉಪ್ಪಿನ ಕಟ್ಟೆಯ ಮೇಲೆ ಊಟದ ಪಂಕ್ತಿಗೆ ಕಾಯುವವರಂತೆ ಕೂತಿದ್ದವು. ನಾನೂ ಕೂತೆ.

ಕೊನೆಗೊಮ್ಮೆ ಒಂದು ಗೊರವ ಕೂಗಿ ಎದ್ದಿತು. ಹತ್ತೇ ನಿಮಿಷದಲ್ಲಿ ಬದು ಖಾಲಿ. ನಾನಿದ್ದಲ್ಲಿಂದ ಹೊಳೆ ಕಾಣುತ್ತಿರಲಿಲ್ಲ. ನೀರು ಇಳಿಯತೊಡಗಿದ್ದು ಅವಕ್ಕೆ ಹೇಗೆ ಗೊತ್ತಾಯಿತೋ.

ಹೊಳೆಯ ದಂಡೆಗೆ ಬಂದಾಗ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮುಂದೆ ಬೂದು ಕೆಸರು ಹಾಸಿ ಬಿದ್ದಿತ್ತು. ಮೇಲೆಲ್ಲ ಹೊಂಬಣ್ಣದ ತೆಳುಪದರ, ಆರಿದ ಚಹಾದ ಮೇಲಿನ ಕೆನೆಯಂತೆ. ಅದು ಕಣ್ಣಿಗೆ ಕಾಣದ ಪಾಚಿಗಳ ಹೊಲ. ಘಟ್ಟದ ಕಾಡಿನ ಕೊಳೆತ ಎಲೆ, ಮಣ್ಣು, ಕಾಂಡ್ಲಾದ ಉದುರೆಲೆ ಎಲ್ಲವನ್ನೂ ಮಳೆಗಾಲದ ಹೊಳೆ ತಂದು ಸುರಿದದ್ದರ ಮೇಲೆ ಬೆಳೆದದ್ದು. ಒಂದು ಬೊಗಸೆ ಕೆಸರೆತ್ತಿ ಬೆರಳಲ್ಲಿ ಬಿಡಿಸಿದೆ. ದಾರದಷ್ಟು ಸಪೂರದ ಎರಡು ಕೆಂಪು ಹುಳುಗಳು, ಅಕ್ಕಿಕಾಳಿನಷ್ಟರ ಏಳೆಂಟು ಬಳಚು ಮರಿಗಳು, ಕೋಪಗೊಂಡ ಒಂದು ಏಡಿ. ಹಕ್ಕಿಗೆ ಬೇಕಾದದ್ದು ಇಂಥವೇ. ನಾವು ತಿನ್ನುವ ಗಾತ್ರದ ಬಳಚು ಈ ಗೊರವದ ಗಂಟಲಿಗೆ ಇಳಿಯುವುದಿಲ್ಲ. ಮಳೆ ಕಡಿಮೆಯಾಗಿ ಉಪ್ಪು ಏರತೊಡಗಿದಾಗ ಇಂಥ ಮರಿಗಳು ಕೆಸರಿಗಿಳಿದು ನೆಲೆಯೂರುತ್ತವೆ. ವಲಸೆ ಹಕ್ಕಿಗಳು ಬರತೊಡಗುವುದೂ ಅದೇ ಹೊತ್ತಿಗೆ.

ಪ್ಲೋವರ್ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ತಲೆ ಓರೆ ಮಾಡುತ್ತದೆ, ಕುಕ್ಕುತ್ತದೆ. ಕಣ್ಣಿನಿಂದ ಹುಡುಕುವ ಹಕ್ಕಿ ಅದು. ಕರ್ಲ್ಯೂವಿಗೆ ಅವಸರವಿಲ್ಲ. ಕುಡುಗೋಲಿನಂತೆ ಬಾಗಿದ, ಗೇಣಿನಷ್ಟು ಉದ್ದದ ಕೊಕ್ಕನ್ನು ಏಡಿಯ ಬಿಲಕ್ಕೆ ಬುಡದವರೆಗೂ ಇಳಿಸಿತು. ಎಳೆದದ್ದೇ ಏಡಿಯನ್ನು ಕಾಲು ಹಿಡಿದು ಒದರಿತು. ಒಂದು ಕಾಲು ಕಿತ್ತು ಅತ್ತ ಹಾರಿತು, ಏಡಿ ಇತ್ತ ಬಿತ್ತು. ಎತ್ತಿಕೊಂಡು ಮತ್ತೆ ಒದರಿತು. ಕಾಲುಗಳೆಲ್ಲ ಹೋದ ಮೇಲೆ ಉಳಿದ ಗುಂಡನ್ನು ಅಡಿಕೆಯಂತೆ ಮೇಲೆಸೆದು ನುಂಗಿತು.

ಇಪ್ಪತ್ತು ಮಾರು ಆಚೆ ಐದಾರು ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ಬಳಚು ಹೆಕ್ಕುತ್ತಿದ್ದರು. ಮೊದಲು ಪಾದದಲ್ಲಿ ತಡಕುವುದು, ಸಿಕ್ಕಿದರೆ ಮುಳುಗಿ ಕೈಯಲ್ಲಿ ಬಾಚುವುದು. ಪಕ್ಕದಲ್ಲಿ ತೇಲುವ ಪಾತ್ರೆಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಈ ಅಳಿವೆಯ ಬಳಚು ನಂಬಿ ಬದುಕುವವರು ಎರಡು ಸಾವಿರಕ್ಕೂ ಹೆಚ್ಚು ಮಂದಿ ಎಂದು ಒಂದು ಅಧ್ಯಯನ ಎಣಿಸಿತ್ತು.

"ಅಕ್ಕಾ, ಈ ಹಕ್ಕಿಗಳು ನಿಮ್ಮ ಬಳಚು ತಿನ್ನುವುದಿಲ್ಲವೇ?"

"ತಿನ್ನಲಿ ತಮ್ಮಾ, ಅವೆಷ್ಟು ತಿನ್ನುತ್ತವೆ? ಹೊಳೆಗೆ ಮಳೆ ಸರಿಯಾಗಿ ಬಂದರೆ ಎಲ್ಲರಿಗೂ ಉಂಟು." ಒಂದು ಬಳಚನ್ನು ಒರೆಸಿ ನನ್ನ ಕೈಗಿಟ್ಟರು. ಹಳದಿ ಚಿಪ್ಪಿನ ಮೇಲೆ ಮರದ ತಿರುಳಿನಂತೆ ಗೆರೆಗಳು. "ಈ ನೀರನ್ನು ಎಲ್ಲಿಗೋ ಒಯ್ಯುತ್ತಾರಂತಲ್ಲ?"

ಅವರು ಕೇಳಿದ್ದು ಅಘನಾಶಿನಿ–ವೇದಾವತಿ ಜೋಡಣೆಯ ಬಗ್ಗೆ, ಇಲ್ಲಿಯ ನೀರನ್ನು ಘಟ್ಟ ಹತ್ತಿಸಿ ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆ ಒಯ್ಯುವ ಪ್ರಸ್ತಾಪ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ನನ್ನ ಅಜ್ಜಿಯ ಊರು ಅಲ್ಲಿಯದೇ. ಆದರೆ ಮಳೆಗಾಲದ ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತದೆ ಎಂದು ವೇದಿಕೆಯಲ್ಲಿ ಹೇಳುವವರಿಗೆ ನನ್ನ ಆ ಒಂದು ಬೊಗಸೆ ಕೆಸರನ್ನು ತೋರಿಸಬೇಕೆನ್ನಿಸಿತು. 2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರ್ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದೆ. ಅಳಿವೆಗೆ ಬಿರುದು ಕೊಟ್ಟು ಅದರ ನೀರನ್ನು ತಿರುಗಿಸುವ ಮಾತಾಡುವುದು ಯಾವ ಲೆಕ್ಕವೋ ನನಗೆ ತಿಳಿಯಲಿಲ್ಲ. ಅಕ್ಕನಿಗೆ ಇಷ್ಟೆಲ್ಲ ಹೇಳಲು ಬಾಯಿ ಬರಲಿಲ್ಲ. "ಇನ್ನೂ ತೀರ್ಮಾನವಾಗಿಲ್ಲ" ಎಂದೆ. ಅವರು ಮತ್ತೆ ನೀರಿಗೆ ಬಾಗಿದರು.

ಬಿಸಿಲು ಇಳಿಮುಖವಾದಾಗ ಕೆಸರಿನ ಅಂಚಿನಲ್ಲಿ ನೀರು ಬೆರಳಗಲ ಬೆರಳಗಲವಾಗಿ ಮೇಲೇರತೊಡಗಿತು. ಪ್ಲೋವರ್‌ಗಳು ಅದರ ಮುಂದೆ ಮುಂದೆ ಓಡುತ್ತಲೇ ಕುಕ್ಕುತ್ತಿದ್ದವು. ನಾನೂ ಹೊರಡಲೆಂದು ಕಾಲೆತ್ತಿದರೆ ಪಾದ ಬಂತು, ಚಪ್ಪಲಿ ಬರಲಿಲ್ಲ. ಮೊಣಕೈವರೆಗೆ ಕೈ ಹಾಕಿ ತಡಕಿದರೂ ಸಿಕ್ಕಿದ್ದು ಏಡಿಯ ಚಿವುಟು ಮಾತ್ರ. ಹೆಂಗಸರು ನಕ್ಕ ಸದ್ದಿಗೆ ಕರ್ಲ್ಯೂ ಬೆದರಿ ಎದ್ದು, ಕೂಗುತ್ತ ಹೊಳೆಯ ಆಚೆ ಬದಿಗೆ ಹೋಯಿತು.

"ನಾಳೆ ಇಳಿತಕ್ಕೆ ಬನ್ನಿ," ಎಂದರು ಅಕ್ಕ, "ಸಿಕ್ಕರೆ ತೆಗೆದಿಡುತ್ತೇವೆ."