ಬೀದರಿನ ಅಂಗಳ ಕಲಬುರಗಿಗೆ ತಂದು ನಾನು ಪಟ್ಟ ಪಾಡು

ಮೂರು ವರ್ಷದ ಹಿಂದೆ ಬೀದರಿಗೆ ಅಕ್ಕನ ಮನೆಗೆ ಹೋಗಿದ್ದೆ. ಬರುವಾಗ ಕಲ್ಲಿನ ಹುಚ್ಚು ಹಿಡಿಸಿಕೊಂಡು ಬಂದೆ. ಅವಳ ಅಂಗಳದಲ್ಲಿ ಗೋಡೆಗುಂಟ ಎರಡಡಿ ಅಗಲಕ್ಕೆ ಬಿಳಿ ಗುಂಡುಕಲ್ಲು ಹಾಸಿದ್ದರು. ನಡುನಡುವೆ ನಾಲ್ಕು ದಾಸವಾಳ. ಮೂಲೆಯಲ್ಲಿ ಮಾಳಿಗೆ ನೀರು ಬೀಳುವ ಜಾಗದಲ್ಲಿ ಖಡಿ, ಅಂದರೆ ಜಲ್ಲಿಕಲ್ಲು, ತುಂಬಿದ ಒಂದು ಗುಂಡಿ. ನಾವಿದ್ದಾಗಲೇ ಸಂಜೆ ಜೋರು ಮಳೆ ಬಂತು. ಪೈಪಿನಿಂದ ನೀರು ಧೋ ಅಂತ ಆ ಗುಂಡಿಗೆ ಬಿತ್ತು, ಬಿದ್ದದ್ದು ಬಿದ್ದ ಹಾಗೇ ಮಾಯ. ಮಳೆ ನಿಂತ ಮೇಲೆ ಚಹಾ ಕುಡಿದು ಹೊರಗೆ ಬಂದರೆ ಚಪ್ಪಲಿಗೆ ಒಂಚೂರೂ ಕೆಸರು ಹತ್ತಲಿಲ್ಲ. ಕಲಬುರಗಿಯಲ್ಲಿ ಮಳೆಗಾಲ ಕಳೆದವರಿಗೆ ಮಾತ್ರ ಇದು ಎಂಥ ಸುಖ ಅಂತ ಗೊತ್ತಾಗುತ್ತದೆ.

ಊರಿಗೆ ಬಂದವಳೇ ನಮ್ಮ ಮನೆಯವರ ಬೆನ್ನು ಹತ್ತಿದೆ. ನಮಗೂ ಅದೇ ಬೇಕು, ಥೇಟ್ ಹಾಗೇ ಬೇಕು. ಫೋಟೋ ಹಿಡಿದುಕೊಂಡು ಗೌಂಡಿಗೆ ತೋರಿಸಿದೆ. ಅವರು ಫೋಟೋ ಒಮ್ಮೆ, ನಮ್ಮ ಅಂಗಳ ಒಮ್ಮೆ ನೋಡಿದರು.

"ಅಕ್ಕೋರೆ, ನೀರು ಎಲ್ಲಿಗಿ ಹೋಗ್ತದ ಅಂತ ಮಾಡೀರಿ?"

"ಎಲ್ಲಿಗಿ ಅಂದ್ರ? ಕೆಳಗ ಹೋಗ್ತದ."

"ಕೆಳಗ ಎಲ್ಲಿ ಜಾಗ ಅದ ರೀ?"

ಕೆಲಸ ಮಾಡೋಕೆ ಮನಸ್ಸಿಲ್ಲ, ಅದಕ್ಕೇ ಕೊಕ್ಕೆ ಹಾಕ್ತಿದ್ದಾರೆ ಅಂದುಕೊಂಡೆ. ಮಕ್ಕಳಿಗೆ ಪಾಠ ಹೇಳೋಳು ನಾನು, ನನಗೆ ಯಾರಾದರೂ ಪಾಠ ಹೇಳಿದರೆ ತಲೆಗೆ ಹೋಗಲ್ಲ. ಅಡುಗೆಮನೆ ಮೂಲೆಗೆ ಮೂರಡಿ ಆಳದ ಗುಂಡಿ ತೋಡಿಸಿ ಖಡಿ ತುಂಬಿಸಿದೆ. ಉಳಿದ ಜಾಗಕ್ಕೆ ಕಳೆ ಬರಬಾರದು ಅಂತ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಿಳಿ ಕಲ್ಲು. ಏಪ್ರಿಲ್ ತಿಂಗಳು. ಒಂದೂವರೆ ತಿಂಗಳು ಅಂಗಳ ಎಷ್ಟು ಚಂದ ಇತ್ತು ಅಂದರೆ, ಬಂದವರನ್ನೆಲ್ಲ ಮೊದಲು ಅಲ್ಲಿಗೇ ಕರಕೊಂಡು ಹೋಗುತ್ತಿದ್ದೆ.

ಜೂನಿನಲ್ಲಿ ಒಂದು ರಾತ್ರಿ ಮಳೆ ಹಿಡಿಯಿತು. ಟಾರ್ಚ್ ಹಿಡಿದು ಹೋಗಿ ನೋಡಿದೆ. ಗುಂಡಿ ಹತ್ತು ನಿಮಿಷಕ್ಕೇ ತುಂಬಿ ಉಕ್ಕುತ್ತಿತ್ತು. ಪ್ಲಾಸ್ಟಿಕ್ ಮೇಲೆ ನೀರು ನಿಂತು, ಬಿಳಿ ಕಲ್ಲೆಲ್ಲ ಮುಳುಗಿ, ಅಂಗಳ ಒಂದು ಸಣ್ಣ ಕೆರೆ. ಬೆಳಗ್ಗೆಗೂ ಹಾಗೇ ಇತ್ತು. ಗುಂಡಿಯ ನೀರು ಮೂರನೇ ದಿನಕ್ಕೂ ಇಳಿಯಲಿಲ್ಲ, ಸೊಳ್ಳೆ ಬೇರೆ. ಆ ಮಳೆಗಾಲ ಪೂರ್ತಿ ಹಿಂಗೇ ನಡೀತು. ದೀಪಾವಳಿ ಹೊತ್ತಿಗೆ ಅಡುಗೆಮನೆ ಬಾಗಿಲು ಚೌಕಟ್ಟಿಗೆ ಉಜ್ಜೋಕೆ ಶುರುವಾಯಿತು, ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು. ಅತ್ತೆ ಏನೂ ಅನ್ನಲಿಲ್ಲ. ದಿನಾ ಬೆಳಗ್ಗೆ ಆ ಬಿರುಕಿನ ಮುಂದೆ ಒಂದು ಗಳಿಗೆ ನಿಂತು ಹೋಗೋರು, ಅಷ್ಟೇ. ಅಂದಿದ್ದರೇ ಚಲೋ ಇತ್ತು.

ತಪ್ಪು ಕಲ್ಲಿನದಲ್ಲ, ಮಣ್ಣಿನದೂ ಅಲ್ಲ, ನನ್ನದೇ. ಬೀದರ್ ಊರು ಕುಂತಿರೋದು ಕೆಂಪು ಕಲ್ಲಿನ ಮೇಲೆ, ಲ್ಯಾಟರೈಟ್ ಅಂತಾರಲ್ಲ ಅದು. ಮೈತುಂಬ ತೂತು. ಮಳೆ ನೀರು ಅದರೊಳಗೆ ಜಿನುಗಿ ಇಳಿಯುತ್ತೆ, ಕೆಳಗಿನ ಗಟ್ಟಿ ಕರಿಕಲ್ಲಿನ ಹತ್ತಿರ ಬಂದು ನಿಲ್ಲುತ್ತೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ಆ ನೀರನ್ನೇ ಹಿಡಿಯೋಕೆ ನೆಲದೊಳಗೆ ಸುರಂಗ ಕೊರೆದರು. ನೌಬಾದ್ ಹತ್ತಿರ ಈಗಲೂ ನೋಡಬಹುದು, ಕರೇಜ್ ಅಂತಾರೆ. ಅಂಥ ನೆಲದಲ್ಲಿ ಖಡಿ ಗುಂಡಿ ತೋಡಿದರೆ ನೀರು ಕುಡಿಯದೆ ಇನ್ನೇನು ಮಾಡುತ್ತೆ? ಸುಲ್ತಾನರು ರಾಜಧಾನಿಯನ್ನು ನಮ್ಮೂರಿಂದ ಬೀದರಿಗೆ ಒಯ್ದದ್ದು ಮಣ್ಣು ನೋಡಿಯೇನಲ್ಲ, ಆದರೂ ಆ ಜೂನ್ ತಿಂಗಳಲ್ಲಿ ನನಗೆ ಹಾಗೇ ಅನಿಸಿತು.

ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತೆ, ಮೊಳಕೈ ತನಕ ಕೈ ಇಳಿಸಬಹುದು. ಮೊದಲ ಮಳೆಗೆ ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿಕೊಂಡಿತು ಅಂದರೆ ಮುಗೀತು, ಆಮೇಲೆ ನೀರನ್ನು ಕೆಳಗೆ ಬಿಡೋದೇ ಇಲ್ಲ ಅನ್ನಬಹುದು. ಹಿಡಿದ ತೇವ ಬಿಡದೇ ಇರೋದರಿಂದಲೇ ಮಳೆ ಹೋದ ಮೇಲೂ ನಮ್ಮ ತೊಗರಿ ತಿಂಗಳುಗಟ್ಟಲೆ ಹಸಿರಾಗಿ ನಿಲ್ಲೋದು. ಹೊಲಕ್ಕೆ ಯಾವುದು ವರವೋ ಅದೇ ಮನೆ ಬುನಾದಿಗೆ ಕಂಟಕ. ಮಣ್ಣು ಉಬ್ಬಿದಾಗ ಗೋಡೆ ಎತ್ತುತ್ತೆ, ಒಣಗಿದಾಗ ಕೈಬಿಡುತ್ತೆ. ನಾನು ಬುನಾದಿ ಪಕ್ಕದಲ್ಲೇ ನೀರು ನಿಲ್ಲಿಸೋ ಗುಂಡಿ ತೋಡಿಸಿ, ದುಡ್ಡು ಕೊಟ್ಟು ಬಿರುಕು ಕೊಂಡುಕೊಂಡೆ.

ಇನ್ನೊಂದು ಲೆಕ್ಕ ಹೇಳ್ತೀನಿ, ಇದನ್ನ ಮೊದಲೇ ಮಾಡಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ. ಒಂದು ಚದರ ಮೀಟರ್ ಮಾಳಿಗೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಮಾಳಿಗೆ ಸಾವಿರ ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್. ಒಂದು ರಾತ್ರಿ 50 ಮಿಲಿಮೀಟರ್ ಬಿದ್ದರೆ ನಾಲ್ಕೂವರೆ ಸಾವಿರ ಲೀಟರ್ ದಾಟುತ್ತೆ. ನನ್ನ ಗುಂಡಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ, ಒಟ್ಟು 27 ಘನ ಅಡಿ. ಖಡಿ ತುಂಬಿದ ಮೇಲೆ ಅದರೊಳಗೆ ಉಳಿಯೋ ಖಾಲಿ ಜಾಗ ನೂರಕ್ಕೆ 40ರ ಆಸುಪಾಸು. ಹಿಡಿಯೋದು ಹೆಚ್ಚೆಂದರೆ 300 ಲೀಟರ್. ಮಿಕ್ಕ ನೀರು ಎಲ್ಲಿಗೆ ಹೋಗಬೇಕು? ಗೌಂಡಿ ಕೇಳಿದ್ದು ಇದನ್ನೇ ಅಲ್ವಾ.

ಮುಂದಿನ ಬೇಸಿಗೆಯಲ್ಲಿ ಅವರನ್ನೇ ಕರೆಸಿದೆ. ಬಂದರು, ಬಿರುಕು ನೋಡಿದರು, ನಕ್ಕರು, ಕೆಲಸ ಶುರು ಮಾಡಿದರು. ಮೊದಲು ಗುಂಡಿಯಿಂದ ಖಡಿ ತೆಗೆಸಿ, ಮುರುಮ್, ಅಂದರೆ ಗರಸು ಮಣ್ಣು, ತುಂಬಿ ಚೆನ್ನಾಗಿ ಕುಟ್ಟಿಸಿದೆವು. ಮನೆ ಸುತ್ತ ಗೋಡೆಗೆ ಹತ್ತಿದ ಮೂರಡಿ ಜಾಗದಲ್ಲಿ ಕಲ್ಲೂ ಇಲ್ಲ, ಗಿಡವೂ ಇಲ್ಲ. ಮುರುಮ್ ಮೇಲೆ ಕಾಂಕ್ರೀಟ್, ಅದರ ಮೇಲೆ ಶಹಾಬಾದ್ ಫರಸಿ ಚಪ್ಪಡಿ, ಹೊರಗಡೆಗೆ ಇಳಿಜಾರು, ಸಂದು ಒಂದೂ ಬಿಡದ ಹಾಗೆ ಸಿಮೆಂಟು. ಗೋಡೆ ಬುಡಕ್ಕೆ ನೀರು ಹೋಗಲೇಬಾರದು.

ಆ ಫರಸಿ ಮುಗಿಯೋ ಕಡೆಯಿಂದ ಕಾಲುವೆ. ಒಂದಡಿ ಅಗಲ, ಒಂದೂವರೆ ಅಡಿ ಆಳ, ಮೂವತ್ತು ಅಡಿ ಉದ್ದ, ನೇರ ಗೇಟಿನ ಮೂಲೆಗೆ. ನಮ್ಮ ಜಾಗದಲ್ಲಿ ಅದೇ ತಗ್ಗು, ಹೊರಗೆ ರಸ್ತೆ ಗಟಾರ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ಫ್ರೆಂಚ್ ಡ್ರೇನ್ ಅಂತಾರೆ. ಫ್ರಾನ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ, ಹೆನ್ರಿ ಫ್ಲ್ಯಾಗ್ ಫ್ರೆಂಚ್ ಅಂತ ಅಮೆರಿಕದವರೊಬ್ಬರು 1859ರಲ್ಲಿ ಹೊಲದ ನೀರು ಹೊರಗೆ ಹಾಕೋದರ ಬಗ್ಗೆ ಬರೆದರು, ಅವರ ಹೆಸರು ಅಂಟಿಕೊಂಡಿತು. ಗೌಂಡಿಗೆ ಇದನ್ನ ಹೇಳಿದರೆ, "ಇರ್ಲಿ ಬಿಡ್ರಿ, ಇಳಿಜಾರ ಸರಿ ಬಂದ್ರ ಸಾಕು" ಅಂದರು.

ಇಳಿಜಾರು ಹಿಡಿದದ್ದನ್ನ ನೋಡೋದೇ ಒಂದು ಚಂದ. ನೀರು ತುಂಬಿದ ಸಣ್ಣ ಪಾರದರ್ಶಕ ಪೈಪು, ಆ ತುದಿಗೆ ಅವರ ಮಗ, ಈ ತುದಿಗೆ ಅವರು. ಪೈಪಿನೊಳಗೆ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತಲ್ಲ, ಅಲ್ಲಿಂದ ಅಳೆದು ಗುರುತು. ಹತ್ತಡಿಗೆ ಒಂದೂಕಾಲು ಇಂಚು ಇಳಿಸಿದರು, ಮೂವತ್ತಡಿಗೆ ಮೂರೂಮುಕ್ಕಾಲು. ಕಣ್ಣಿಗೆ ಕಾಣೋದೇ ಇಲ್ಲ, ನೀರಿಗೆ ಕಾಣುತ್ತೆ.

ಕಾಲುವೆಗೆ ಮೊದಲು ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆವು. ನೋಡೋಕೆ ಕಂಬಳಿ ತರಹ ಇರುತ್ತೆ, ನೀರು ಬಿಡುತ್ತೆ, ಮಣ್ಣು ಬಿಡಲ್ಲ. ನಾನು ಮೊದಲು ಹಾಕಿದ್ದ ಪ್ಲಾಸ್ಟಿಕ್ ಎರಡನ್ನೂ ಬಿಡದು, ಅಲ್ಲೇ ಕೆಟ್ಟದ್ದು. ಬಟ್ಟೆ ಹಾಕದೆ ಖಡಿ ಸುರಿದರೂ ಕೆಡುತ್ತೆ. ಎರೆ ಮಣ್ಣು ಕೆಸರಾದಾಗ ಕಲ್ಲು ನುಂಗುತ್ತೆ, ನನ್ನ ಬಿಳಿ ಕಲ್ಲು ಪ್ಲಾಸ್ಟಿಕ್ ಹರಿದ ಕಡೆಯಲ್ಲೆಲ್ಲ ಒಂದೇ ವರ್ಷಕ್ಕೆ ಮಣ್ಣುಪಾಲು. ಬಟ್ಟೆ ಮೇಲೆ ಎರಡಿಂಚು ಖಡಿ, ಅದರ ಮೇಲೆ ನಾಲ್ಕಿಂಚಿನ ತೂತು ಹಾಕಿದ ಪಿವಿಸಿ ಪೈಪು, ತೂತು ಕೆಳಮುಖ. ಮೇಲ್ಮುಖ ಇರಬೇಕು ಅಂತ ನಾನು ವಾದ ಮಾಡಿದೆ. ಗೌಂಡಿ ಬಿಡಿಸಿ ಹೇಳಿದರು. ಕಾಲುವೆಯಲ್ಲಿ ನೀರು ತಳದಿಂದ ಏರುತ್ತೆ, ತೂತು ಕೆಳಗಿದ್ದರೆ ಬೇಗ ಒಳಗೆ ಬಂದು ಹರಿದು ಹೋಗುತ್ತೆ, ಮೇಲಿಂದ ಕೆಸರೂ ಬೀಳಲ್ಲ. ಮತ್ತೆ ಪಾಠ. ಪೈಪಿನ ಮೇಲೆ ಪೂರ್ತಿ ಖಡಿ ತುಂಬಿ, ಬಟ್ಟೆಯನ್ನ ಹೋಳಿಗೆ ಮಡಚಿದ ಹಾಗೆ ಮೇಲೆ ಮಡಚಿ, ಅದರ ಮೇಲೆ ಇನ್ನೊಂದು ಪದರ ಕಲ್ಲು. ಬಚ್ಚಲ ನೀರು ಮಾತ್ರ ಇದಕ್ಕೆ ಬಿಡಲಿಲ್ಲ. ಸೋಪು, ಎಣ್ಣೆ ಜಿಡ್ಡು ಸೇರಿದರೆ ಕಲ್ಲಿನ ಸಂದು ಕಟ್ಟಿಕೊಳ್ಳುತ್ತೆ.

ಖಡಿ ಕೊಳ್ಳೋವಾಗ ನಾನೂ ಒಂದು ಜಾಣತನ ಮಾಡಿದೆ, ಇಷ್ಟರಲ್ಲಿ ಅದೊಂದೇ ನನ್ನದು. ಟ್ರಾಲಿ ಖಾಲಿ ಮಾಡೋ ಮೊದಲು ಒಂದು ಹಿಡಿ ತೆಗೆದು ಉಪ್ಪಿನಕಾಯಿ ಬರಣಿಗೆ ಹಾಕಿ, ನೀರು ಬಿಟ್ಟು ಕುಲುಕಿದೆ. ನೀರು ಗಂಜಿ ಹಾಗಾಯಿತು, ತಳದಲ್ಲಿ ಬೆರಳು ದಪ್ಪ ಪುಡಿ. ಆ ಪುಡಿಯೇ ನಾಳೆ ಬಟ್ಟೆಯ ಸಂದು ಮುಚ್ಚೋದು. ವಾಪಸ್ ಕಳಿಸಿದೆ. ಎರಡನೇ ಟ್ರಾಲಿ ಖಡಿಗೆ ನೀರು ತಿಳಿಯಾಗೇ ಉಳೀತು. ಕಾಲುವೆಗೆ 20 ಮಿಲಿಮೀಟರ್ ಕರಿಖಡಿ ಸಾಕು, 40 ಇದ್ದರೂ ನಡೆಯುತ್ತೆ, ಆದರೆ ಪುಡಿ ಇರಬಾರದು. ಕಾಲ್ದಾರಿಗೆ ಇದರ ಉಲ್ಟಾ, ಸಣ್ಣ ಖಡಿ ಜೊತೆ ಪುಡಿ ಇದ್ದರೆ ಕುಟ್ಟಿದಾಗ ಗಟ್ಟಿ ಕೂರುತ್ತೆ. ಅಳತೆಗೆ ಇಲ್ಲಿ ಬ್ರಾಸ್ ಲೆಕ್ಕ, ಒಂದು ಬ್ರಾಸ್ ಅಂದರೆ ನೂರು ಘನ ಅಡಿ. ಇನ್ನೂರು ಚದರ ಅಡಿ ಅಂಗಳಕ್ಕೆ ಎರಡಿಂಚು ದಪ್ಪ ಹಾಸಲಿಕ್ಕೆ ಬ್ರಾಸಿನ ಮೂರನೇ ಒಂದು ಪಾಲು ಸಾಕು. ಚಂದಕ್ಕೆ ಅಂತ ಚೀಲದಲ್ಲಿ ಮಾರೋ ಕಲ್ಲನ್ನೇ ಅಷ್ಟು ಜಾಗಕ್ಕೆ ತಂದರೆ ಹತ್ತಿರಹತ್ತಿರ ಮೂವತ್ತು ಚೀಲ, ಅದೂ 50 ಕೆಜಿಯವು. ನಾನು ತಂದಿದ್ದೆ. ಲೆಕ್ಕ ಬಾಯಿಪಾಠ.

ಬಿಳಿ ಕಲ್ಲಿನ ಬಗ್ಗೆ ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೆ ಇದನ್ನೂ ಹೇಳಿಬಿಡ್ತೀನಿ. ಗುಂಡಗಿನ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳಲ್ಲ, ಕಾಲಿಟ್ಟರೆ ಜಾರುತ್ತೆ. ಅತ್ತೆಯಂಥ ಎಪ್ಪತ್ತು ದಾಟಿದವರು ಇರೋ ಮನೆಗೆ ಅದು ಬೇಡ, ಒಡೆದ ಖಡಿಯೇ ಮೇಲು. ಮಧ್ಯಾಹ್ನ 43 ಡಿಗ್ರಿ ಬಿಸಿಲಲ್ಲಿ ಬಿಳಿ ಕಲ್ಲಿನ ಮೇಲಿನ ಝಳ ನೇರ ಕಣ್ಣಿಗೆ, ಕಿಟಕಿಯೊಳಗೆ. ನಮ್ಮ ಅಂಗಳದಲ್ಲಿ ಬೇವಿನ ಮರ ಬೇರೆ ಇದೆ. ಯುಗಾದಿಗೆ ಮುಂಚೆ ಎಲೆ ಉದುರೋಕೆ ಶುರುವಾದರೆ ಕಲ್ಲಿನ ಸಂದಿಯಿಂದ ಒಂದೊಂದೇ ಹೆಕ್ಕಬೇಕು, ಕಸಬರಿಗೆ ನಡೆಯಲ್ಲ. ಬಿಳಿ ಅಂತ ಮಾರೋದರಲ್ಲಿ ಜಾಸ್ತಿ ಮಾರ್ಬಲ್ ಚೂರು, ಅದು ಸುಣ್ಣದ ಜಾತಿ. ನಮ್ಮ ಎರೆ ಮಣ್ಣಿನಲ್ಲಿ ಮೊದಲೇ ಕ್ಷಾರ ಹೆಚ್ಚು, ಗಿಡಕ್ಕೆ ಕಬ್ಬಿಣದ ಅಂಶ ಸಿಗೋದೇ ಕಷ್ಟ. ಅದರ ಬುಡಕ್ಕೆ ಮತ್ತೆ ಸುಣ್ಣ ಸುರಿದ ಹಾಗೆ. ನನ್ನ ದಾಸವಾಳದ ಎಳೆ ಎಲೆ ನರ ಮಾತ್ರ ಹಸಿರು, ಉಳಿದದ್ದೆಲ್ಲ ಹಳದಿ. ಈಗ ಗಿಡದ ಬುಡದಲ್ಲಿ ಒಣಗಿದ ಎಲೆ ಮುಚ್ಚುತ್ತೇನೆ, ಬೇವಿನದೇ.

ಅಂದ ಹಾಗೆ ನಮ್ಮ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ, ನಿಂಬೆಹಣ್ಣು ಹಿಂಡಿ ನೋಡಿ, ಸಣ್ಣಗೆ ಗುಳ್ಳೆ ಏಳುತ್ತೆ. ಆ್ಯಸಿಡ್ ಹಾಕಿ ತೊಳೆದು ನೆಲ ಮಂಕು ಮಾಡಿಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ಆದರೂ ಅಂಗಳಕ್ಕೆ ಅದರಷ್ಟು ಚಲೋ ಕಲ್ಲು ಬೇರೆ ಇಲ್ಲ ಅಂತ ನನ್ನ ಲೆಕ್ಕ. ಪದರಪದರವಾಗಿ ಏಳೋ ಕಲ್ಲು, ಚಪ್ಪಟೆ, ಕಾಲಿಗೆ ಗಟ್ಟಿ, ಪಕ್ಕದ ಊರಿನದು. ಗೇಟಿನಿಂದ ಬಾಗಿಲ ತನಕ ಹೆಜ್ಜೆಗೊಂದು ಫರಸಿ ಇಟ್ಟು ನಡುವೆ ಕರಿಖಡಿ ಹಾಕಿದ್ದೇವೆ. ಅತ್ತೆ ದಿನಾ ಅದರ ಮೇಲೇ ನಡೆದು ತುಳಸಿಗೆ ನೀರು ಹಾಕುತ್ತಾರೆ. ಕಲ್ಲಿನ ಕೆಳಗೆ ಚೇಳು ಇರುತ್ತೆ, ಅದೊಂದು ಭಯ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಗೆ ಜನ ಬೆಟ್ಟದಲ್ಲಿ ಕಲ್ಲೆಬ್ಬಿಸಿ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ತಾರಲ್ಲ, ನನಗೆ ಅಷ್ಟು ಧೈರ್ಯ ಇಲ್ಲ. ಕಲ್ಲು ಎತ್ತೋವಾಗ ಕೋಲು ಬಳಸುತ್ತೇನೆ.

ಹೋದ ಜೂನಿನ ಮೊದಲ ದೊಡ್ಡ ಮಳೆಗೆ ಛತ್ರಿ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಐದು ನಿಮಿಷ ಪೈಪಿನಿಂದ ಏನೂ ಬರಲಿಲ್ಲ, ಎದೆ ಡವಡವ. ಆಮೇಲೆ ಬೂದಿ ಬಣ್ಣದ ನೀರು ಸಣ್ಣಗೆ, ಆಮೇಲೆ ತಿಳಿನೀರು ಪೈಪಿನ ಅರ್ಧ ತುಂಬ. ಅಡುಗೆಮನೆ ಬಿರುಕಿಗೆ ನಡುವೆ ಎರಡು ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಟ್ಟಿದ್ದೇನೆ, ಒಂದು ಮಳೆಗಾಲ ಕಳೆದರೂ ಅಗಲ ಆಗಿಲ್ಲ. ಇನ್ನೊಂದು ವರ್ಷ ನೋಡಿ ಆಮೇಲೆ ತುಂಬಿಸೋಣ ಅಂದಿದ್ದಾರೆ ಗೌಂಡಿ. ಈ ಸಲ ನಾನು ಎದುರು ಮಾತಾಡಲಿಲ್ಲ.

ತೊಳೆದಿಟ್ಟ ಬಿಳಿ ಕಲ್ಲು ಮೆಟ್ಟಿಲ ಕೆಳಗೆ ಇನ್ನೂ ಒಂಬತ್ತು ಚೀಲ ಇದೆ. ಅಕ್ಕ ಮುಂದಿನ ಸಲ ಬಂದಾಗ ಕಾರಿನ ಡಿಕ್ಕಿಯಲ್ಲಿ ಹಿಡಿದಷ್ಟು ಬೀದರಿಗೆ ಒಯ್ಯುತ್ತಾಳಂತೆ.