ಗುಲಾಬಿ ಚಾಸುಬಲ್: ಕಸೂತಿ ಆಯಿತು, ಅಂಚು ಬಾಕಿ

ಸೆಪ್ಟೆಂಬರ್ ಕೊನೆ

ನಮ್ಮ ಚರ್ಚಿನಲ್ಲಿ ಗುಲಾಬಿ ಬಣ್ಣದ ಪೂಜಾವಸ್ತ್ರ ಇಲ್ಲ. ವರ್ಷಕ್ಕೆ ಎರಡೇ ಭಾನುವಾರ ಬೇಕಾಗುವ ಬಣ್ಣ ಅದು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೂರನೇ ಭಾನುವಾರ ಒಮ್ಮೆ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ನಾಲ್ಕನೇ ಭಾನುವಾರ ಇನ್ನೊಮ್ಮೆ. ಕಡ್ಡಾಯವೇನಲ್ಲ, ನೇರಳೆ ಹಾಕಿಕೊಂಡರೂ ನಡೆಯುತ್ತದೆ. ಅದಕ್ಕೇ ಯಾರೂ ಇದಕ್ಕೆ ದುಡ್ಡು ಹಾಕುವುದಿಲ್ಲ. "ನಾನು ಹೊಲಿದು ಕೊಡ್ತೀನಿ ಫಾದರ್" ಅಂದೆ. "ಅವಸರ ಇಲ್ಲ, ನಿಧಾನ ಮಾಡಿ" ಅಂದರು. ಅವರಿಗೆ ಅವಸರ ಇಲ್ಲದಿರಬಹುದು. ಆ ಮೂರನೇ ಭಾನುವಾರ ಮಾತ್ರ ಡಿಸೆಂಬರ್ 11ರಿಂದ 17ರೊಳಗೆ ಬಂದೇ ಬರುತ್ತದೆ.

ಗೊತ್ತಿಲ್ಲದವರಿಗೆ: ಚಾಸುಬಲ್ ಅಂದರೆ ಪೂಜೆಯ ಹೊತ್ತಿಗೆ ಫಾದರ್ ಎಲ್ಲಕ್ಕಿಂತ ಮೇಲೆ ಹಾಕುವ ದೊಗಳೆ ಮೇಲಂಗಿ. ಕೆಳಗೆ ಬಿಳಿ ಆಲ್ಬ್, ಅದರ ಮೇಲೆ ಕುತ್ತಿಗೆಯಿಂದ ಇಳಿಬೀಳುವ ಸ್ಟೋಲ್, ಅದರ ಮೇಲೆ ಇದು. 1969ರಲ್ಲಿ ಭಾರತದ ಬಿಷಪರು ಕೇಳಿದ ಹನ್ನೆರಡು ಬದಲಾವಣೆಗಳಿಗೆ ರೋಮ್ ಒಪ್ಪಿತ್ತು. ಸರಳ ನಿಲುವಂಗಿ, ಮೇಲೊಂದು ಅಂಗವಸ್ತ್ರ ಅನ್ನುವುದೂ ಅದರಲ್ಲಿ ಒಂದು. ಬೆಂಗಳೂರಿನ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮಬೋಧನೆ, ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರ) ಕಟ್ಟಿದ ಫಾದರ್ ಅಮಲೋರ್ಪವದಾಸ್ ಅವರ ಹೆಸರು ಆ ಕೆಲಸದ ಜೊತೆ ಸೇರಿಕೊಂಡಿದೆ. ಅಂಗವಸ್ತ್ರವೇ ಮಾಡಿದರೆ ನನ್ನ ಕೆಲಸ ಒಂದು ವಾರದ್ದು. ಆದರೆ ನಮ್ಮ ಊರಿನವರಿಗೆ ಚಾಸುಬಲ್ ಕಂಡರೇ ಪೂಜೆ ಅನ್ನಿಸುವುದು. ಸರಿ, ಚಾಸುಬಲ್ಲೇ ಇರಲಿ. ನಮ್ಮತನ ಬಟ್ಟೆಯಲ್ಲಿ ಬರಲಿ ಅಂದುಕೊಂಡೆ.

ಬಣ್ಣ ಹುಡುಕುವುದೇ ದೊಡ್ಡ ಕೆಲಸವಾಯಿತು. ಅಂಗಡಿಯವರು ಬೇಬಿ ಪಿಂಕ್ ತೋರಿಸುತ್ತಾರೆ, ಇಲ್ಲವಾದರೆ ಮದುವೆ ಮನೆಯ ರಾಣಿ ಪಿಂಕ್. ನನಗೆ ಬೇಕಿದ್ದದ್ದು ಒಳಗೆ ಸ್ವಲ್ಪ ನೇರಳೆ ಅಡಗಿರುವ, ಒಣಗಿದ ಗುಲಾಬಿ ಎಸಳಿನಂಥದ್ದು. ಉಪವಾಸದ ನಡುವೆ ಒಂದು ದಿನದ ಬಿಡುವು ಅದು, ಹಬ್ಬ ಅಲ್ಲ. ಮೈಸೂರು ರೇಷ್ಮೆಯ ಕ್ರೇಪ್ ಎಷ್ಟು ಚೆನ್ನಾಗಿ ಇಳಿಬೀಳುತ್ತದೆ ಅಂದರೆ ಕೈ ಬಿಡಲು ಮನಸ್ಸಾಗುವುದಿಲ್ಲ. ಆದರೆ ಕತ್ತರಿ ಇಟ್ಟರೆ ಜಾರುತ್ತದೆ. ರಾ ಸಿಲ್ಕ್ ಹೇಳಿದ ಮಾತು ಕೇಳುತ್ತದೆ, ಆದರೆ ಮೈಗೆ ಬೀಳದೆ ದೂರ ನಿಲ್ಲುತ್ತದೆ. ಕೊನೆಗೆ ಎರಡರ ನಡುವಿನ ಸ್ಪನ್ ಸಿಲ್ಕ್ ಆರು ಮೀಟರ್ ತಂದೆ.

ಅಕ್ಟೋಬರ್

ಬಟ್ಟೆಯ ಪನ್ನ 44 ಇಂಚು. ಚಾಸುಬಲ್ ತೋಳಿನ ತುದಿಯಿಂದ ತುದಿಗೆ 60 ಇಂಚು ಬೇಕು. ಹಾಗಾಗಿ ನಾಲ್ಕು ತುಂಡು: ಮುಂದೆ ಎರಡು, ಹಿಂದೆ ಎರಡು, ನಡುವೆ ನೇರ ಹೊಲಿಗೆ. ಆ ಹೊಲಿಗೆ ಮುಚ್ಚಲು ಉದ್ದಕ್ಕೆ ಒಂದು ಪಟ್ಟಿ ಬರುತ್ತದೆ. ಪೇಟೆಯಲ್ಲಿ ಸಿಗುವುದರಲ್ಲಿ ಈ ಪಟ್ಟಿ ಮೇಲೇ ಎಲ್ಲ ಜರಿ, ಚಮಕಿ, ಮೆಷಿನ್ ಎಂಬ್ರಾಯ್ಡರಿ ತುಂಬಿರುತ್ತದೆ. ಪೂಜಾವಿಧಿಯ ಸೂಚನೆಗಳೇ ಬೇರೆ ಮಾತು ಹೇಳುತ್ತವೆ: ಚೆಂದ ಇರಬೇಕಾದ್ದು ಬಟ್ಟೆಯಲ್ಲಿ ಮತ್ತು ಅದರ ಆಕಾರದಲ್ಲಿ, ಮೇಲೆ ಹೇರಿದ ಅಲಂಕಾರದಲ್ಲಿ ಅಲ್ಲ. ಆಯಾ ನಾಡಿನ ಬಟ್ಟೆ ಬಳಸಲೂ ಅವಕಾಶ ಇದೆ. ನಾನು ಗುಳೇದಗುಡ್ಡದ ಖಣ ಹಾಕಿದೆ, ಕಡು ನೇರಳೆಯದು. ನೇಯ್ಗೆಯಲ್ಲೇ ಚಿತ್ತಾರ ಇರುವಾಗ ಮೇಲೆ ಇನ್ನೇನು ಬೇಕು?

ಖಣದ ಪಟ್ಟಿಯನ್ನು ಮೇಜಿನ ಮೇಲೆ ಹರಡಿ ಕೂಡಿಸಬಾರದು. ಮಲಗಿಸಿದಾಗ ಸರಿ ಕಂಡದ್ದು ತೂಗುಹಾಕಿದಾಗ ರೇಷ್ಮೆಯನ್ನು ಮೇಲಕ್ಕೆ ಎಳೆಯುತ್ತದೆ, ಸುತ್ತ ಸುಕ್ಕು ಬರುತ್ತದೆ. ಹ್ಯಾಂಗರಿಗೆ ಹಾಕಿ, ನಿಂತೇ ಪಿನ್ ಮಾಡಿ, ನಿಂತೇ ಕಚ್ಚಾ ಹೊಲಿಗೆ ಹಾಕಿದೆ. ಆಮೇಲೆ ಕೂತು, ದಾರಕ್ಕೆ ಜೇನುಮೇಣ ಸವರಿ, ದಾರ ಮೇಲೆ ಕಾಣದ ಹಾಗೆ ಎರಡೂ ಅಂಚು ಕೂಡಿಸಿದೆ. ಬೆನ್ನು ನೋವು ಬಂತು. ಪಟ್ಟಿ ಮಾತ್ರ ನೇರ ನಿಂತಿದೆ.

ದೀಪಾವಳಿ ಆದ ಮೇಲೆ

ಈಗ ಸ್ಟೋಲ್. ಇದು ನನ್ನ ಇಷ್ಟದ ಭಾಗ. ಉದ್ದದ ಒಂದೇ ಪಟ್ಟಿ ಮಾಡಿದರೆ ಕುತ್ತಿಗೆಯ ಹಿಂದೆ ಎದ್ದು ನಿಲ್ಲುತ್ತದೆ. ಎರಡು ಭಾಗ ಮಾಡಿ ಅಲ್ಲಿ ಸ್ವಲ್ಪ ಓರೆಯಾಗಿ ಕೂಡಿಸಿದರೆ ಹೆಗಲಿಗೆ ಅಂಟಿ ಕೂರುತ್ತದೆ. ಸಂಪ್ರದಾಯದಂತೆ ಮೂರು ಶಿಲುಬೆ, ಎರಡು ತುದಿಗಳಲ್ಲಿ, ಒಂದು ಕುತ್ತಿಗೆಯ ಹಿಂದೆ. ಹಾಕಿಕೊಳ್ಳುವ ಮೊದಲು ಫಾದರ್ ಮುತ್ತಿಡುವುದು ಆ ನಡುವಿನದಕ್ಕೆ. ಅಲ್ಲಿ ಜರಿ ಹಾಕಿದರೆ ತುಟಿಗೆ ಚುಚ್ಚುತ್ತದೆ ಅಲ್ವಾ? ಬರೀ ರೇಷ್ಮೆ ದಾರ ಸಾಕು.

ಶಿಲುಬೆಗಳಿಗೆ ಕಸೂತಿಯ ಮೆಂತಿ ಹೊಲಿಗೆ, ಅಂದರೆ ಕ್ರಾಸ್ ಸ್ಟಿಚ್, ಹೇಳಿ ಮಾಡಿಸಿದಂತಿದೆ. ತುದಿಯ ಶಿಲುಬೆಗಳ ಎರಡೂ ಬದಿಗೆ ಕಸೂತಿಯದೇ ಇನ್ನೊಂದು ಹೊಲಿಗೆ ಗವಂತಿಯಲ್ಲಿ ಒಂದೊಂದು ನವಿಲು. ನವಿಲು ಧಾರವಾಡದ ಕಸೂತಿಯಲ್ಲಿ ಮೊದಲಿನಿಂದ ಇದೆ. ಹಳೆಯ ಕ್ರೈಸ್ತ ಚಿತ್ರಗಳಲ್ಲೂ ಇದೆ, ಅಲ್ಲಿ ಅದು ಸಾವಿಲ್ಲದ ಬಾಳಿನ ಗುರುತು. ನಾನು ಬಲವಂತವಾಗಿ ಎರಡನ್ನೂ ಕೂಡಿಸಬೇಕಾಗಲಿಲ್ಲ.

ಕಸೂತಿಗೆ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಬೇಕು. ಈ ರೇಷ್ಮೆಯಲ್ಲಿ ಎಳೆ ಕಣ್ಣಿಗೇ ಕಾಣುವುದಿಲ್ಲ. ಅದಕ್ಕೆ ಮೇಲೆ ಜಾಲರಿ ಕ್ಯಾನ್ವಾಸ್ ಇಟ್ಟು ಕಚ್ಚಾ ಹೊಲಿದು, ಅದರ ಚೌಕ ಎಣಿಸುತ್ತ ಹೊಲಿದೆ. ಮುಗಿದ ಮೇಲೆ ಚಿಮಟದಿಂದ ಕ್ಯಾನ್ವಾಸಿನ ಎಳೆ ಒಂದೊಂದಾಗಿ ಎಳೆದು ತೆಗೆಯಬೇಕು. ಗವಂತಿಯಲ್ಲಿ ಒಂದು ಎಳೆ ಬಿಟ್ಟು ಒಂದು ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಖಾಲಿ ತುಂಬುವುದು. ಎದುರು ಹೇಗೋ ಹಿಂದೂ ಹಾಗೇ. ಕಲಿಸಿದ ಪಕ್ಕದ ಮನೆ ಕಾಕು ಸ್ಟೋಲ್ ಕೈಗೆ ತಗೊಂಡವರೇ ಮೊದಲು ತಿರುಗಿಸಿ ನೋಡಿದರು. "ಗಂಟ್ ಕಂಡ್ರ ಅದು ಕಸೂತಿ ಅಲ್ಲವ್ವಾ" ಅನ್ನುವುದು ಅವರ ಮಾತು. ಗಂಟು ಕಾಣಲಿಲ್ಲ. ಆದರೆ ಸ್ಟೋಲ್ ಚಾಸುಬಲ್ ಒಳಗೆ ಹೋಗುತ್ತದೆ ಅಂತ ಗೊತ್ತಾದಾಗ ಬೇಜಾರಾದರು. "ಒಳಗ ಹೋಗೋದಕ್ಕ ಇಷ್ಟ್ಯಾಕ ಕಣ್ಣ ಕಳಕೊಂಡಿ?" ಹಾಕುವವರಿಗೆ ಗೊತ್ತಿರುತ್ತದಲ್ಲ, ನನಗೆ ಅಷ್ಟು ಸಾಕು. ಕಾಕುಗೆ ಸಾಕಾಗಿಲ್ಲ.

ಕುತ್ತಿಗೆಯ ಒಳಭಾಗಕ್ಕೆ ಬಿಳಿ ಹತ್ತಿಯ ಪಟ್ಟಿಯೊಂದನ್ನು ಸಡಿಲ ಹೊಲಿಗೆಯಲ್ಲಿ ಹಾಕಿದ್ದೇನೆ. ಬೆವರು ಅದಕ್ಕೆ ಹತ್ತುತ್ತದೆ, ಬಿಚ್ಚಿ ಒಗೆಯಬಹುದು.

ನವೆಂಬರ್ ಕೊನೆ, ಈಗ

ಚಾಸುಬಲ್ ಬಾಗಿಲ ಹಿಂದೆ ತೂಗುತ್ತಿದೆ. ಕೆಳಗಿನ ಅಂಚು ದುಂಡು, ಕೆಲವು ಕಡೆ ಬಟ್ಟೆ ಓರೆಗೆ ಬಂದಿದೆ. ಓರೆ ಬಟ್ಟೆ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ. ಪೂರ್ತಿ ಇಳಿಯಲಿ ಅಂತ ಬಿಟ್ಟಿದ್ದೇನೆ, ಆಮೇಲೆ ಅಳೆದು ಕತ್ತರಿಸುವುದು. ಲೈನಿಂಗ್ ಪೂರ್ತಿ ಹಾಕುವುದಿಲ್ಲ. ತಪಸ್ಸು ಕಾಲದ ಭಾನುವಾರ ಮಾರ್ಚ್ ಬಿಸಿಲಿನಲ್ಲಿ ಬರುತ್ತದೆ. ಭುಜಕ್ಕೆ ಮಾತ್ರ ಮಲ್ಮಲ್.

ಫಾದರ್ ಬಂದು ಹಾಕಿ ನೋಡಿದರು. ಪ್ರಾರ್ಥನೆಗೆ ಕೈ ಎತ್ತಿಸಿ ನೋಡಿದೆ. ಮಣಿಕಟ್ಟಿನ ಹತ್ತಿರ ಬಟ್ಟೆ ಮಡಿಕೆ ಮಡಿಕೆಯಾಗಿ ಚೆನ್ನಾಗಿ ಬಿತ್ತು, ಆದರೆ ಮುಂಭಾಗ ಸ್ವಲ್ಪ ಮೇಲೆ ಹೋಯಿತು. ಅಂಚು ಕತ್ತರಿಸುವಾಗ ಮುಂದೆ ಒಂದು ಇಂಚು ಜಾಸ್ತಿ ಬಿಡಬೇಕು. ಖಣದ ಬಗ್ಗೆ, ನವಿಲಿನ ಬಗ್ಗೆ ಅವರೇನೂ ಹೇಳಲಿಲ್ಲ. ಕೇಳಿದ್ದು ಒಂದೇ: ಕಾಲರ್ ಮೈಕ್ ಸಿಕ್ಕಿಸಲು ಕುತ್ತಿಗೆ ಹತ್ತಿರ ಜಾಗ ಇದೆಯಾ ಅಂತ. ಅದಕ್ಕೊಂದು ಪುಟ್ಟ ಪಟ್ಟಿ ಕತ್ತರಿಸಿ ಇಟ್ಟಿದ್ದೇನೆ.